ಹಾವು ಕಚ್ಚುವ ಮೊದಲೇ ಕೇಳಿಡಿ

ಹುಲ್ಲು ಹೆರೆಯುವಾಗ, ಬಿದ್ದ ಅಡಿಕೆ ಹೆಕ್ಕುವಾಗ, ರಾತ್ರಿ ನೀರು ತಿರುಗಿಸಲು ಹೋದಾಗ - ಹಾವಿನ ಕಡಿತ ನಮ್ಮ ಕಸುಬಿಗೇ ಅಂಟಿಕೊಂಡ ಅಪಾಯ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜು. ವರ್ಷಕ್ಕೆ 58 ಸಾವಿರ! ಹೆಚ್ಚಿನವರು ಹಳ್ಳಿಯವರೇ.

ಹಣೆಬರಹ ಅಂತ ಸುಮ್ಮನಾಗುವವರಿದ್ದಾರೆ. ಆದರೆ ಈ ವಿಷಕ್ಕೆ ಮದ್ದಿದೆಯಲ್ಲ? ನಾಗರ, ಕಡಂಬಳ (ಕಟ್ಟುಹಾವು), ಕೊಳಕುಮಂಡಲ, ಗರಗಸ ಮಂಡಲ - ನಾಲ್ಕಕ್ಕೂ ಒಂದೇ ಪ್ರತಿವಿಷ, ಎ.ಎಸ್.ವಿ. ಪುಡಿ ರೂಪದ್ದನ್ನು ಇಡಲು ಫ್ರಿಜ್ಜೇ ಆಗಬೇಕೆಂದಿಲ್ಲ, ತಂಪಾದ ಜಾಗ ಸಾಕು. ವಿಷ ಏರಿದ ಲಕ್ಷಣ ಕಂಡರೆ ಸಾಮಾನ್ಯವಾಗಿ ಮೊದಲ ಕಂತಿಗೆ 10 ವಯಲ್. ಮಕ್ಕಳಿಗೂ ಅಷ್ಟೇ, ಮಗು ಎಂದು ಹಾವು ವಿಷ ಕಡಿಮೆ ಬಿಡುವುದಿಲ್ಲ. ಮಂಡಲದ ವಿಷ ಏರಿದೆಯೋ ಎಂದು ತಿಳಿಯಲು ದೊಡ್ಡ ಲ್ಯಾಬೂ ಬೇಡ. ಒಣ ಗಾಜಿನ ನಳಿಕೆಯಲ್ಲಿ 2 ಮಿ.ಲೀ. ರಕ್ತವನ್ನು 20 ನಿಮಿಷ ಅಲುಗಿಸದೆ ಇಡುತ್ತಾರೆ. ಹೆಪ್ಪುಗಟ್ಟದಿದ್ದರೆ ವಿಷ ಏರಿದೆ ಎಂದರ್ಥ.

ಇಷ್ಟಿದ್ದೂ ಹತ್ತಿರದ ಆಸ್ಪತ್ರೆಯಲ್ಲಿ 'ಸ್ಟಾಕಿಲ್ಲ, ಮುಂದೆ ಹೋಗಿ' ಎಂದರೆ ದಾರಿಯಲ್ಲೇ ಜೀವ ಹೋಗಬಹುದು. ಇಲ್ಲಿ ನಮಗೆ ತಿಳಿದಿರಬೇಕಾದ ಒಂದು ತೀರ್ಪಿದೆ. 1992ರಲ್ಲಿ ಪಶ್ಚಿಮ ಬಂಗಾಳದ ಹಕೀಂ ಶೇಖ್ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದಾಗ ಸರಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದು ಹಾಸಿಗೆ ಇಲ್ಲವೆಂದು ವಾಪಸು ಕಳಿಸಿದವು. ಅವರ ಪರ ಸುಪ್ರೀಂ ಕೋರ್ಟಿಗೆ ಹೋದದ್ದು ಕೃಷಿ ಕೂಲಿಕಾರರ ಸಂಘ. 1996ರಲ್ಲಿ ಕೋರ್ಟು ಹೇಳಿತು: ಸರಕಾರಿ ಆಸ್ಪತ್ರೆ ಸಕಾಲದಲ್ಲಿ ಚಿಕಿತ್ಸೆ ಕೊಡದಿದ್ದರೆ ಅದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಉಲ್ಲಂಘನೆ, ಹಣವಿಲ್ಲ ಎಂಬ ನೆವ ನಡೆಯದು. 25 ಸಾವಿರ ರೂಪಾಯಿ ಪರಿಹಾರವನ್ನೂ ಕೊಡಿಸಿತು.

ಕರ್ನಾಟಕ ಸರಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಸಂಗತಿಯಾಗಿ ಘೋಷಿಸಿದೆ. ಲೆಕ್ಕ ಸರಿಯಿದ್ದರೆ ಮದ್ದು ಎಲ್ಲಿಗೆ ಎಷ್ಟು ಬೇಕೆಂದು ಗೊತ್ತಾಗುತ್ತದೆ. ಹಾಗಾಗಿ ಕಡಿತ ಸಣ್ಣದೆಂದು ಮುಚ್ಚಿಡಬೇಡಿ.

ಮಳೆಗಾಲಕ್ಕೆ ಮೊದಲು ನಾನು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಮೂರು ಪ್ರಶ್ನೆ ಕೇಳಿದೆ. ಎಷ್ಟು ವಯಲ್ ಇದೆ? ಅವಧಿ ಯಾವಾಗ ಮುಗಿಯುತ್ತದೆ? ರಾತ್ರಿ ಕೊಡುವವರು ಯಾರು? ಡಾಕ್ಟ್ರು ಬೇಸರಿಸಲಿಲ್ಲ. ಕಪಾಟು ತೆಗೆದು ತೋರಿಸಿದರು. ಆರೇ ವಯಲ್! "ಕೇಳುವವರಿಲ್ಲದಿದ್ದರೆ ಮೇಲಿನವರಿಗೂ ಅವಸರ ಇಲ್ಲ ಮಾರಾಯ್ರೇ. ಒಂದು ಅರ್ಜಿ ಬರೆದು ಕೊಡಿ" ಅಂದರು. ಹನ್ನೊಂದು ಮನೆಯವರು ಸಹಿ ಹಾಕಿ ತಾಲೂಕು ಆರೋಗ್ಯಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆದಿದ್ದೇವೆ. ಮದ್ದು ಬರುವ ತನಕ ಬಿಡುವವರಲ್ಲ.

ನಿಮ್ಮೂರಲ್ಲೂ ಕೇಳಿ ನೋಡಿ. ಕಚ್ಚಿದರೆ ಮಾತ್ರ ಕೊಯ್ಯುವುದು, ಚೀಪುವುದು, ಬಿಗಿದು ಕಟ್ಟುವುದು ಬೇಡ. ಕಚ್ಚಿದ ಕೈಕಾಲು ಅಲುಗದಂತೆ ಇಟ್ಟು, ನಡೆಸದೆ, ನೇರ ಆಸ್ಪತ್ರೆಗೆ ಕರೆದೊಯ್ಯಿರಿ.