ಉತ್ತರದ ಚಳಿಗೆ ದಕ್ಷಿಣದ ಲಾರಿ: ಸರಕು ತುಂಬುವಾಗಲೇ ಆಗಬೇಕಾದ ಸಿದ್ಧತೆ

ಶಿವಮೊಗ್ಗದ ಅಡಿಕೆಯಿರಲಿ, ಪೀಣ್ಯದ ಯಂತ್ರಭಾಗಗಳಿರಲಿ, ಉತ್ತರ ಭಾರತದ ಮಾರುಕಟ್ಟೆಗೆ ಹೋಗುವ ನಮ್ಮ ಸರಕಿಗೆ ಋತುಭೇದವಿಲ್ಲ. ಡಿಸೆಂಬರ್, ಜನವರಿಗಳಲ್ಲಿಯೂ ಲಾರಿಗಳು ಎಂದಿನಂತೆ ಹೊರಡುತ್ತವೆ. ಬೆಂಗಳೂರಿನಿಂದ 44ನೇ ರಾಷ್ಟ್ರೀಯ ಹೆದ್ದಾರಿಯು ಹೈದರಾಬಾದ್, ನಾಗಪುರ, ಆಗ್ರಾಗಳ ಮೂಲಕ ದೆಹಲಿಯನ್ನು ತಲುಪಿ, ಅಲ್ಲಿಂದ ಜಮ್ಮು, ಶ್ರೀನಗರಗಳವರೆಗೆ ಸಾಗುತ್ತದೆ. ಹದಿನೈದು, ಹದಿನಾರು ಡಿಗ್ರಿಯ ರಾತ್ರಿಯನ್ನೇ ಚಳಿಯೆಂದು ಬಲ್ಲ ನಮ್ಮ ಚಾಲಕನು ಕೆಲವೇ ದಿನಗಳಲ್ಲಿ ಐದು ಡಿಗ್ರಿಯ ದಟ್ಟ ಮಂಜಿನೊಳಗೆ ಇರುತ್ತಾನೆ. ಕಾಶ್ಮೀರದ ಸೇಬನ್ನು ತರಲು ಮುಂದುವರಿದರೆ ಉಷ್ಣಾಂಶವು ಸೊನ್ನೆಗಿಂತ ಕೆಳಗಿಳಿಯುತ್ತದೆ. ಅಲ್ಲಿ ‘ಚಿಲ್ಲಾಯ್ ಕಲಾನ್’ ಎನ್ನಲಾಗುವ 40 ದಿನಗಳ ಕಡು ಚಳಿಗಾಲವು ಡಿಸೆಂಬರ್ 21ರಂದು ಆರಂಭವಾಗುತ್ತದೆ. ಆದ್ದರಿಂದ ಈ ಚಳಿಗೆ ಸಿದ್ಧತೆಯು ದಾರಿಯಲ್ಲಲ್ಲ, ನಮ್ಮ ಗೋದಾಮಿನ ಬಾಗಿಲಲ್ಲಿಯೇ ಆಗಬೇಕು.

ಮೊದಲ ಅಪಾಯ: ಮುಚ್ಚಿದ ಕ್ಯಾಬಿನ್

ಚಳಿಗಿಂತಲೂ ಚಳಿಯನ್ನು ಕಳೆಯಲು ಮಾಡುವ ಉಪಾಯವೇ ಹೆಚ್ಚು ಘಾತಕವಾಗುವುದುಂಟು. ಬೆಚ್ಚನೆಯ ಹೊದಿಕೆಯಿಲ್ಲದ ಚಾಲಕ ಮತ್ತು ಕ್ಲೀನರ್ ಬಾಣಲೆಯಲ್ಲಿ ಇದ್ದಿಲು ಹೊತ್ತಿಸಿ, ಗಾಜುಗಳನ್ನೇರಿಸಿ ಮಲಗುತ್ತಾರೆ. ಉರಿಯುವ ಇದ್ದಿಲಿನಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ. ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅದು ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ನಿದ್ರೆಯಲ್ಲಿರುವವರಿಗೆ ಎಚ್ಚರವೇ ಆಗುವುದಿಲ್ಲ. ಕ್ಯಾಬಿನ್ನಿನೊಳಗೆ ಬೆಂಕಿ, ಸ್ಟೌ ಯಾವುದೂ ಕೂಡದೆಂಬ ಮಾತನ್ನು ಲಾರಿ ಹೊರಡುವ ಮುನ್ನ ಸ್ಪಷ್ಟವಾಗಿ ಹೇಳತಕ್ಕದ್ದು. ಮದ್ಯಪಾನವೂ ಬೆಚ್ಚಗಿನ ಭ್ರಮೆಯನ್ನಷ್ಟೇ ಕೊಡುತ್ತದೆ. ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಮೈಯ ಶಾಖವನ್ನು ಹೊರಗೆ ಚೆಲ್ಲುತ್ತದೆ.

ಆದರೆ ಹೊದಿಕೆಯನ್ನು ಕೊಡದೆ ಬೆಂಕಿಯನ್ನು ಮಾತ್ರ ನಿಷೇಧಿಸಿದರೆ ಫಲವಿಲ್ಲ.

ಚಾಲಕನ ಗಂಟು

ಚಾಲಕ, ಕ್ಲೀನರ್ ಇಬ್ಬರಿಗೂ ಪ್ರತ್ಯೇಕವಾಗಿ ಇವಿಷ್ಟು ಇರಬೇಕು: ಮೈಗಂಟುವ ಥರ್ಮಲ್ ಒಳ ಉಡುಪು, ಉಣ್ಣೆಯ ಸ್ವೆಟರ್, ಅದರ ಮೇಲೆ ಗಾಳಿಯನ್ನು ತಡೆಯುವ ಜರ್ಕಿನ್. ಒಂದೇ ದಪ್ಪ ಬಟ್ಟೆಗಿಂತ ಪದರಗಳು ಮೇಲು. ಪದರಗಳ ನಡುವಿನ ಗಾಳಿಯೇ ಶಾಖವನ್ನು ಹಿಡಿದಿಡುತ್ತದೆ. ಕಿವಿ ಮುಚ್ಚುವ ಟೋಪಿ, ಎರಡು ಜೊತೆ ಉಣ್ಣೆಯ ಕಾಲುಚೀಲ, ಚಪ್ಪಲಿಯ ಬದಲು ಮುಚ್ಚಿದ ಬೂಟು, ದಪ್ಪನೆಯ ಕಂಬಳಿ ಅಥವಾ ರಜಾಯಿ ಅವಶ್ಯ. ಕೈಗವಸು ಎರಡು ಬಗೆಯವು ಬೇಕು: ಸ್ಟಿಯರಿಂಗ್ ಹಿಡಿಯಲು ತೆಳ್ಳನೆಯದು, ಹಗ್ಗ ಮತ್ತು ಟಾರ್ಪಾಲಿನ್ ಬಿಗಿಯಲು ಗಟ್ಟಿಯಾದದ್ದು. ಇವುಗಳೊಂದಿಗೆ ಫ್ಲಾಸ್ಕ್, ಟಾರ್ಚ್, ಎರಡು ದಿನಕ್ಕಾಗುವ ಒಣ ತಿಂಡಿ ಮತ್ತು ನೀರು ಇದ್ದರೆ ಹೆದ್ದಾರಿ ಮುಚ್ಚಿದರೂ ಪರದಾಟವಿಲ್ಲ. ಹಿಮ ಬೀಳುವ ಘಟ್ಟಕ್ಕೆ ಹೋಗುವ ಲಾರಿಗೆ ಟೈರಿನ ಸರಪಳಿಯೂ ಬೇಕು.

ವಾಹನದ ತಪಾಸಣೆ

ರೇಡಿಯೇಟರಿಗೆ ಬರಿಯ ನೀರು ತುಂಬುವ ರೂಢಿ ನಮ್ಮಲ್ಲಿ ಇನ್ನೂ ಇದೆ. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಎಂಜಿನ್ ಬ್ಲಾಕ್ ಸೀಳಲು ಅಷ್ಟು ಸಾಕು. ಎಥಿಲೀನ್ ಗ್ಲೈಕಾಲ್ ಕೂಲಂಟ್ ಮತ್ತು ನೀರಿನ ಸಮಪಾಲು ಮಿಶ್ರಣವು ಮೈನಸ್ 30 ಡಿಗ್ರಿಯಲ್ಲಿಯೂ ಹೆಪ್ಪುಗಟ್ಟದು.

ಡೀಸೆಲಿನಲ್ಲಿರುವ ಮೇಣವು ಚಳಿಗೆ ಗಟ್ಟಿಯಾಗಿ ಫಿಲ್ಟರನ್ನು ಕಟ್ಟುತ್ತದೆ. ಆದ್ದರಿಂದ ಕೆಳಗಿನ ಡೀಸೆಲನ್ನೇ ಟ್ಯಾಂಕ್ ತುಂಬ ಹೊತ್ತು ಘಟ್ಟವೇರುವುದಕ್ಕಿಂತ, ಚಳಿ ಪ್ರದೇಶದ ಬಂಕಿನಲ್ಲಿ ಅಲ್ಲಿನ ಚಳಿಗಾಲದ ಡೀಸೆಲನ್ನು ತುಂಬಿಸುವುದು ಲೇಸು. ಲಡಾಖಿನಂತಹ ಪ್ರದೇಶಕ್ಕೆಂದು ಇಂಡಿಯನ್ ಆಯಿಲ್ ಸಂಸ್ಥೆಯು ಮೈನಸ್ 33 ಡಿಗ್ರಿಯವರೆಗೆ ಗಟ್ಟಿಯಾಗದ ಡೀಸೆಲನ್ನು 2019ರಲ್ಲಿ ಬಿಡುಗಡೆ ಮಾಡಿತು. ಟ್ಯಾಂಕಿನ ಕೆಳಗೆ ಬೆಂಕಿಯಿಟ್ಟು ಡೀಸೆಲ್ ಕರಗಿಸುವ ಸಾಹಸವನ್ನು ಎಂದಿಗೂ ಮಾಡಬಾರದು. ಬಿಎಸ್-6 ಲಾರಿಗಳಲ್ಲಿ ಬಳಸುವ ಯೂರಿಯಾ ದ್ರಾವಣವು ಮೈನಸ್ 11 ಡಿಗ್ರಿಯಲ್ಲಿ ಹೆಪ್ಪುಗಟ್ಟುವುದರಿಂದ ಅದರ ಹೀಟರ್ ಸರಿಯಿದೆಯೇ ಎಂದು ನೋಡಿಸಬೇಕು.

ಉಷ್ಣಾಂಶವು 20 ಡಿಗ್ರಿ ಇಳಿದರೆ 110 ಪೌಂಡ್ ಗಾಳಿಯಿರುವ ಟೈರಿನಲ್ಲಿ ಸುಮಾರು 8 ಪೌಂಡ್ ಕಡಿಮೆಯಾಗುತ್ತದೆ. ದಾರಿಯಲ್ಲಿ ಮತ್ತೆ ಅಳೆಯಬೇಕು. ಬ್ಯಾಟರಿಯ ಶಕ್ತಿಯೂ ಕುಗ್ಗುವುದರಿಂದ ಹಳೆಯದನ್ನು ಹೊರಡುವ ಮುನ್ನವೇ ಪರೀಕ್ಷಿಸಬೇಕು. ಫಾಗ್ ಲೈಟ್, ವೈಪರ್, ಹಿಂಬದಿಯ ಪ್ರತಿಫಲಕ ಪಟ್ಟಿಗಳು ಮಂಜಿನಲ್ಲಿ ಜೀವರಕ್ಷಕಗಳು.

ವರ್ತಕರ ಪಾಲಿನ ಹೊಣೆ

ಇಷ್ಟೆಲ್ಲ ಇದ್ದರೂ ಒಂದು ವಿಷಯವು ಚಾಲಕನ ಕೈಯಲ್ಲಿಲ್ಲ. ಅದು ಸರಕು ತಲುಪಿಸುವ ಗಡುವು. ಗೋಚರತೆ 50 ಮೀಟರಿಗಿಂತ ಕಡಿಮೆಯಾದರೆ ಹವಾಮಾನ ಇಲಾಖೆಯು ಅದನ್ನು ಅತಿ ದಟ್ಟ ಮಂಜು ಎನ್ನುತ್ತದೆ. ಗಂಟೆಗೆ 60 ಕಿ.ಮೀ. ವೇಗದ ಲಾರಿಯು ಆ 50 ಮೀಟರನ್ನು ಮೂರೇ ಸೆಕೆಂಡುಗಳಲ್ಲಿ ಕ್ರಮಿಸುತ್ತದೆ; ಸರಕು ತುಂಬಿದ ಲಾರಿಯನ್ನು ಅಷ್ಟರಲ್ಲಿ ನಿಲ್ಲಿಸುವುದು ದುಸ್ತರ. ವಿಳಂಬಕ್ಕೆ ಬಾಡಿಗೆಯಲ್ಲಿ ಕಡಿತವೆಂದು ಬರೆದು ಕಳುಹಿಸಿದರೆ, ಮಂಜಿನಲ್ಲಿಯೂ ಓಡಿಸೆಂದು ನಾವೇ ಹೇಳಿದಂತಾಗುತ್ತದೆ. ಡಿಸೆಂಬರ್ ಮಧ್ಯದಿಂದ ಜನವರಿ ಅಂತ್ಯದವರೆಗಿನ ರವಾನೆಗೆ ಎರಡು ದಿನ ಹೆಚ್ಚುವರಿ ಅವಧಿ ನೀಡಿ, ಮಂಜಿನ ವಿಳಂಬಕ್ಕೆ ಕಡಿತವಿಲ್ಲವೆಂದು ಕರಾರಿನಲ್ಲಿ ನಮೂದಿಸಿ, ಖರೀದಿದಾರರಿಗೂ ಮುಂಚಿತವಾಗಿ ತಿಳಿಸುವುದು ವ್ಯಾವಹಾರಿಕ ಜಾಣ್ಮೆ.

ಇದು ಕೇವಲ ಔದಾರ್ಯದ ಮಾತಲ್ಲ. ಮೋಟಾರು ಸಾರಿಗೆ ಕಾರ್ಮಿಕರಿಗೆ ಮಳೆ ಮತ್ತು ಚಳಿಯಿಂದ ರಕ್ಷಣೆಯ ಉಡುಪನ್ನು ಮಾಲೀಕರು ಒದಗಿಸುವಂತೆ ನಿಯಮ ರೂಪಿಸುವ ಅಧಿಕಾರವನ್ನು 1961ರ ಕಾಯ್ದೆಯೇ ರಾಜ್ಯ ಸರ್ಕಾರಗಳಿಗೆ ನೀಡಿತ್ತು. ಆ ಕಾಯ್ದೆಯು ಇದೀಗ ಔದ್ಯೋಗಿಕ ಸುರಕ್ಷತೆಯ 2020ರ ಸಂಹಿತೆಯಲ್ಲಿ ಸೇರಿದೆ. ಸ್ವಂತ ಲಾರಿಯುಳ್ಳವರು ಈ ಗಂಟನ್ನು ತಾವೇ ಕೊಡಿಸಬೇಕು. ಬಾಡಿಗೆ ಲಾರಿ ಹಿಡಿಯುವವರು ಟ್ರಾನ್ಸ್‌ಪೋರ್ಟ್ ಕಚೇರಿಯಲ್ಲಿ ಸರಕು ವಿಮೆಯನ್ನು ವಿಚಾರಿಸುವಂತೆಯೇ ಕಂಬಳಿ, ಕೂಲಂಟುಗಳನ್ನೂ ವಿಚಾರಿಸಬೇಕು. ಒಮ್ಮೆ ಕೊಂಡ ಉಣ್ಣೆಯ ಉಡುಪು ಹಲವು ಚಳಿಗಾಲಗಳಿಗೆ ಬರುತ್ತದೆ. ನಮ್ಮ ಸರಕನ್ನು ಸುರಕ್ಷಿತವಾಗಿ ತಲುಪಿಸುವವನು ತಾನೂ ಸುರಕ್ಷಿತವಾಗಿ ಮನೆಗೆ ಮರಳಿದಾಗಲೇ ಆ ವ್ಯವಹಾರವು ಪೂರ್ಣಗೊಂಡಿತೆಂದು ತಿಳಿಯಬೇಕು.