ಪರದೇಶವಾಸ: ಎರಡು ನಿದರ್ಶನಗಳು

ಕನ್ನಡದಲ್ಲಿ ‘ಪರದೇಶಿ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಅನ್ಯದೇಶದವನು ಎಂಬುದು ಒಂದು. ದಿಕ್ಕಿಲ್ಲದವನು, ಅನಾಥನು ಎಂಬುದು ಮತ್ತೊಂದು. ಮೊದಲನೆಯದು ಶಬ್ದದ ಅವಯವಗಳಿಂದಲೇ ಹೊರಡುವ ಅರ್ಥ. ಎರಡನೆಯದು ಲೋಕಾನುಭವದಿಂದ ರೂಢಿಗೆ ಬಂದುದು. ‘ದೇಶ ಸುತ್ತು, ಕೋಶ ಓದು’ ಎಂದು ಪ್ರೋತ್ಸಾಹಿಸಿದ ಜನರೇ ದೇಶ ಬಿಟ್ಟವನ ಪಾಡನ್ನು ಕಂಡು ಈ ಎರಡನೆಯ ಅರ್ಥವನ್ನೂ ಸೇರಿಸಿದರು. ಆದರೆ ಮೊದಲನೆಯ ಅರ್ಥದಲ್ಲಿ ಪರದೇಶಿಗಳಾದವರೆಲ್ಲರೂ ಎರಡನೆಯ ಅರ್ಥದಲ್ಲಿಯೂ ಪರದೇಶಿಗಳಾಗುವುದಿಲ್ಲ. ಈ ಅಂತರಕ್ಕೆ ಕಾರಣವೇನೆಂಬುದನ್ನು ಇಬ್ಬರು ಮಹನೀಯರ ಜೀವನದಿಂದ ವಿವೇಚಿಸಬಹುದು.

ಮೋಹನದಾಸ ಕರಮಚಂದ ಗಾಂಧಿಯವರು ನ್ಯಾಯಶಾಸ್ತ್ರದ ವ್ಯಾಸಂಗಕ್ಕಾಗಿ 1888ರ ಸೆಪ್ಟೆಂಬರ್ 4ರಂದು ಮುಂಬಯಿಯಲ್ಲಿ ಹಡಗೇರಿದಾಗ ಅವರಿಗಿನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಮದ್ಯ, ಮಾಂಸ, ಪರಸ್ತ್ರೀಯರನ್ನು ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿದ್ದರು. ಇಂಗ್ಲೆಂಡಿನ ನೆಲದ ಮೇಲೆ ಕಾಲಿರಿಸಿದಾಗ ಬಿಳಿಯ ಫ್ಲಾನೆಲ್ ಉಡುಪು ಧರಿಸಿದ್ದವರು ತಾವೊಬ್ಬರೇ ಎಂದು ಕಂಡು ನಾಚಿದರು. ಜನರು, ನಡವಳಿಕೆ, ಮನೆಗಳು ಎಲ್ಲವೂ ಅಪರಿಚಿತ. ಹಗಲು ಹೇಗೋ ಕಳೆಯುತ್ತಿತ್ತು. ರಾತ್ರಿ ತಾಯಿಯ ನೆನಪಾಗಿ ಕಣ್ಣೀರು ಹರಿಯುತ್ತಿತ್ತು. ಬಾಡಿಗೆ ಮನೆಯೊಡತಿ ಬಡಿಸುತ್ತಿದ್ದ ಉಪ್ಪುಖಾರವಿಲ್ಲದ ಬೇಯಿಸಿದ ತರಕಾರಿ ಮತ್ತು ರೊಟ್ಟಿಯ ಚೂರುಗಳಿಂದ ಹೊಟ್ಟೆ ತುಂಬುತ್ತಿರಲಿಲ್ಲ. ಇನ್ನೊಂದು ಚೂರು ಬೇಕೆಂದು ಕೇಳಲು ಸಂಕೋಚ.

ಹೊಸ ನಗರಕ್ಕೆ ಹೊಂದಿಕೊಳ್ಳಲು ಅವರು ಮೊದಲು ಹಿಡಿದ ದಾರಿ ಅನುಕರಣೆಯದು. ಬೆಲೆಬಾಳುವ ಉಡುಪು, ಎತ್ತರದ ಟೋಪಿ, ನೃತ್ಯಾಭ್ಯಾಸ, ಪಿಟೀಲಿನ ಪಾಠ, ಭಾಷಣಕಲೆ ಇವೆಲ್ಲವೂ ನಡೆದವು. ಸುಮಾರು ಮೂರು ತಿಂಗಳಲ್ಲಿಯೇ ಅದರ ನಿಷ್ಫಲತೆ ತಿಳಿದು, ಪಿಟೀಲು ಮಾರಾಟಕ್ಕೆ ಹೋಯಿತು. ಕಾಸುಕಾಸಿನ ಲೆಕ್ಕ ಬರೆದರು. ವಾಹನದ ವೆಚ್ಚ ಬಿಟ್ಟು ಕಾಲ್ನಡಿಗೆಯಲ್ಲಿ ಓಡಾಡಿದರು. ಆದರೆ ಅವರನ್ನು ನಿಜವಾಗಿ ನೆಲೆಗೊಳಿಸಿದ್ದು ಬೇರೊಂದು ಸಂಗತಿ. ಸಸ್ಯಾಹಾರದ ಭೋಜನಾಲಯವನ್ನು ಹುಡುಕುತ್ತ ದಿನಕ್ಕೆ ಹತ್ತಾರು ಮೈಲಿ ಅಲೆದು, ಕೊನೆಗೆ ಫ್ಯಾರಿಂಗ್ಡನ್ ಬೀದಿಯಲ್ಲಿ ಒಂದನ್ನು ಕಂಡರು. ಇಂಗ್ಲೆಂಡಿಗೆ ಬಂದ ಮೇಲೆ ಮೊದಲ ಬಾರಿಗೆ ಹೊಟ್ಟೆ ತುಂಬಿದ್ದು ಅಲ್ಲಿ. ಹೆನ್ರಿ ಸಾಲ್ಟ್ ಎಂಬವರ ಸಸ್ಯಾಹಾರ ಸಮರ್ಥನೆಯ ಪುಸ್ತಕ ದೊರೆತದ್ದೂ ಅಲ್ಲಿಯೇ. ಮುಂದೆ ಲಂಡನ್ನಿನ ಸಸ್ಯಾಹಾರಿ ಸಂಘವನ್ನು ಸೇರಿ ಅದರ ಕಾರ್ಯಸಮಿತಿಯ ಸದಸ್ಯರಾದರು. ಯಾವ ವ್ರತವು ಅವರನ್ನು ಒಂಟಿಯಾಗಿಸಿತ್ತೋ ಅದೇ ವ್ರತವು ಅವರಿಗೆ ಆಂಗ್ಲ ಮಿತ್ರರನ್ನು ದೊರಕಿಸಿತು.

ಎರಡನೆಯ ನಿದರ್ಶನ ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರದು. 1914ರ ಮಾರ್ಚ್ 17ರಂದು, ತಮ್ಮ ಇಪ್ಪತ್ತಾರನೆಯ ವಯಸ್ಸಿನಲ್ಲಿ, ಅವರು ಮದರಾಸಿನಿಂದ ಹೊರಟು ಕೇಂಬ್ರಿಜ್ ಸೇರಿದರು. ವಿದ್ಯೆಯ ಕ್ಷೇತ್ರದಲ್ಲಿ ಅವರಿಗೆ ಹಾರ್ಡಿ, ಲಿಟಲ್‌ವುಡ್‌ರಂಥ ಸಮಾನರು ದೊರೆತರು. ಆದರೆ ಕಾಲೇಜಿನ ಭೋಜನಶಾಲೆಯ ಪಂಕ್ತಿ ಅವರ ಆಹಾರನಿಯಮಕ್ಕೆ ಒಗ್ಗಲಿಲ್ಲ. ಕೋಣೆಯಲ್ಲಿಯೇ ಒಲೆ ಇಟ್ಟುಕೊಂಡು ತಾವೇ ಅಡುಗೆ ಮಾಡಿಕೊಂಡರು. ಗಣಿತದಲ್ಲಿ ಮಗ್ನರಾದವರಿಗೆ ಊಟದ ಹೊತ್ತು ನಿಯತವಾಗಿರಲು ಹೇಗೆ ಸಾಧ್ಯ? ಅದೇ ವರ್ಷದ ಆಗಸ್ಟಿನಲ್ಲಿ ಮಹಾಯುದ್ಧ ಆರಂಭವಾಯಿತು. ಲಿಟಲ್‌ವುಡ್ ಯುದ್ಧಸೇವೆಗೆ ತೆರಳಿದರು, ಆಹಾರಪದಾರ್ಥಗಳು ದುರ್ಲಭವಾದವು, ಸ್ವದೇಶಕ್ಕೆ ಮರಳುವ ಸಮುದ್ರಮಾರ್ಗ ಅಪಾಯಕರವಾಯಿತು.

ಅವರ ಸ್ಥಿತಿಯನ್ನು ತಿಳಿಸುವ ಒಂದು ಪ್ರಸಂಗವನ್ನು ಆಗ ಕೇಂಬ್ರಿಜ್‌ನಲ್ಲಿ ವಿದ್ಯಾರ್ಥಿಯಾಗಿದ್ದ ಪ್ರಶಾಂತಚಂದ್ರ ಮಹಾಲನೋಬಿಸ್ ಅವರು ನೆನೆದಿದ್ದಾರೆ. ರಾತ್ರಿ ಚಳಿ ತಡೆಯಲಾಗದೆ ರಾಮಾನುಜನ್ ಮೇಲಂಗಿ ತೊಟ್ಟು, ಶಾಲು ಹೊದ್ದು ಮಲಗುತ್ತಿದ್ದರು. ಮಹಾಲನೋಬಿಸ್ ನೋಡಿದರೆ ಹಾಸಿಗೆಯ ಮೇಲೆ ಕಂಬಳಿಗಳು ಬೇಕಾದಷ್ಟು ಇದ್ದವು. ಅಲ್ಲಿಯ ಪದ್ಧತಿಯಂತೆ ಅವುಗಳ ಅಂಚನ್ನು ಹಾಸಿಗೆಯ ಕೆಳಗೆ ಬಿಗಿಯಾಗಿ ಮಡಿಚಿ ಸೇರಿಸಲಾಗಿತ್ತು. ಅವನ್ನು ಬಿಡಿಸಿ ಒಳಗೆ ಮಲಗಬೇಕೆಂಬುದು ರಾಮಾನುಜನ್ನರಿಗೆ ತಿಳಿದಿರಲಿಲ್ಲ. ಸಂಖ್ಯೆಗಳ ರಹಸ್ಯವನ್ನು ಭೇದಿಸಿದ ಮಹಾಮೇಧಾವಿ ಕಂಬಳಿಗಳ ಮೇಲೆ ಚಳಿಯಿಂದ ನಡುಗುತ್ತ ಮಲಗಿದ್ದರು! ಸಂಕೋಚದಿಂದ ಅವರು ಯಾರನ್ನೂ ಕೇಳಲಿಲ್ಲ; ಗೊತ್ತಿರಬಹುದೆಂದು ಭಾವಿಸಿ ಯಾರೂ ಹೇಳಲೂ ಇಲ್ಲ.

1917ರಲ್ಲಿ ಅವರು ತೀವ್ರ ಅಸ್ವಸ್ಥರಾದರು. 1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವೂ ಟ್ರಿನಿಟಿ ಕಾಲೇಜಿನ ಫೆಲೋ ಪದವಿಯೂ ದೊರೆತವು. 1919ರಲ್ಲಿ ಸ್ವದೇಶಕ್ಕೆ ಮರಳಿ, 1920ರ ಏಪ್ರಿಲ್ 26ರಂದು ಮೂವತ್ತೆರಡನೆಯ ವಯಸ್ಸಿನಲ್ಲಿ ಕಾಲವಶರಾದರು. ರೋಗದ ಮೂಲವನ್ನು ಕುರಿತು ವೈದ್ಯರಲ್ಲಿ ಭಿನ್ನಾಭಿಪ್ರಾಯಗಳಿವೆ. ಆದುದರಿಂದ ಒಂಟಿತನವೇ ಅವರ ಮೃತ್ಯುವಿಗೆ ಕಾರಣವೆಂದು ಹೇಳಲಾಗದು. ಆದರೆ ಚಳಿ, ಅನಿಯತವಾದ ಆಹಾರ, ಏಕಾಂತ ಇವು ಅವರ ಬಾಳನ್ನು ಕಠಿನವಾಗಿಸಿದವೆಂಬುದು ನಿಸ್ಸಂದೇಹ.

ಈ ಇಬ್ಬರನ್ನು ಜೊತೆಗಿಟ್ಟು ನೋಡಿದಾಗ ಒಬ್ಬರನ್ನು ಹೊಗಳಿ ಇನ್ನೊಬ್ಬರನ್ನು ಹಳಿಯುವುದು ನ್ಯಾಯವಲ್ಲ. ಒಬ್ಬರಿಗೆ ಶಾಂತಿಕಾಲದ ಮಹಾನಗರ ದೊರೆಯಿತು. ಇನ್ನೊಬ್ಬರಿಗೆ ಯುದ್ಧಕಾಲದ ಚಿಕ್ಕ ಪಟ್ಟಣ. ನಿಯಮಪಾಲನೆಯಲ್ಲಿ ಇಬ್ಬರೂ ಸಮಾನರು. ಅಂದಮೇಲೆ ಪರದೇಶದಲ್ಲಿ ಬಾಳಲು ಸ್ವಂತ ಆಚಾರವನ್ನು ಬಿಡಲೇಬೇಕೆಂಬ ಮಾತು ಸರಿಯಲ್ಲ. ಆಚಾರವನ್ನು ಹಿಡಿದರೆ ಸಾಕೆಂಬುದೂ ಸರಿಯಲ್ಲ. ಆಚಾರಕ್ಕೊಂದು ಸಂಗ ಬೇಕು. ಬಾಯಿಬಿಟ್ಟು ಕೇಳುವ ಧೈರ್ಯವೂ ಕೇಳದೆಯೇ ತಿಳಿದು ಹೇಳುವ ನೆರೆಯವರೂ ಕೂಡಿದಾಗ ಮಾತ್ರ ಆ ಸಂಗ ಒದಗುತ್ತದೆ.

ಇಂದು ಪರದೇಶಕ್ಕೆ ತೆರಳುವವರಿಗೆ ಅನುಕೂಲಗಳು ಹೆಚ್ಚಿವೆ. ಬ್ರಿಟನ್ನಿನಲ್ಲಿ 1983ರಿಂದ ಕನ್ನಡ ಬಳಗವಿದೆ. ಅಮೆರಿಕದ ಕನ್ನಡ ಕೂಟಗಳು ‘ಅಕ್ಕ’ ಎಂಬ ಒಕ್ಕೂಟವಾಗಿ 1998ರಲ್ಲಿ ಒಂದುಗೂಡಿದವು. ತಾಯಿಯ ಮುಖವನ್ನು ದೂರವಾಣಿಯ ತೆರೆಯಲ್ಲಿಯೇ ಕಾಣಬಹುದು. ಆದರೂ ಡಿಸೆಂಬರಿನ ಲಂಡನ್ನಿನಲ್ಲಿ ಹಗಲು ಎಂಟು ಗಂಟೆಯೂ ಇರುವುದಿಲ್ಲ. ಸಂಜೆ ನಾಲ್ಕಕ್ಕೆ ಮುನ್ನವೇ ಸೂರ್ಯಾಸ್ತ. ಅಲ್ಲಿಯ ಗಡಿಯಾರ ಆಗ ಭಾರತಕ್ಕಿಂತ ಐದೂವರೆ ಗಂಟೆ ಹಿಂದೆ. ಕೆಲಸ ಮುಗಿಸಿ ಬಂದವನಿಗೆ ಮಾತಾಡಬೇಕೆನಿಸುವ ಹೊತ್ತಿಗೆ ಊರಿನವರು ಮಲಗಿರುತ್ತಾರೆ. ಮಾತಾಡಿದರೂ ‘ಚೆನ್ನಾಗಿದ್ದೇನೆ’ ಎಂಬ ಒಂದೇ ಮಾತಿನಲ್ಲಿ ದುಃಖವನ್ನು ಮುಚ್ಚುವುದು ಸುಲಭ.

ವಿದೇಶವ್ಯಾಸಂಗಕ್ಕೆ ಧನಸಹಾಯ ನೀಡುವ ಉದಾರಿಗಳು ಶುಲ್ಕವನ್ನೂ ಪ್ರಯಾಣವೆಚ್ಚವನ್ನೂ ಲೆಕ್ಕ ಹಾಕುತ್ತಾರೆ. ಆ ಊರಿನಲ್ಲಿ ಮೊದಲೇ ನೆಲೆಸಿರುವ ಹಿರಿಯ ವಿದ್ಯಾರ್ಥಿಯೊಬ್ಬನ ಪರಿಚಯಪತ್ರವನ್ನೂ ಅದರೊಡನೆ ಸೇರಿಸಿದರೆ ಸಹಾಯ ಪೂರ್ಣವಾದೀತು. ತನ್ನ ಅನ್ನವನ್ನು ತಾನೇ ಬೇಯಿಸಿಕೊಳ್ಳುವುದನ್ನೂ ತಿಳಿಯದುದನ್ನು ನಾಚದೆ ಕೇಳುವುದನ್ನೂ ಅಧ್ಯಾಪಕರು ತರಗತಿಯಲ್ಲಿಯೇ ರೂಢಿ ಮಾಡಿಸಬಹುದು. ಇನ್ನು ಅಲ್ಲಿ ನೆಲೆಯೂರಿದ ಹಿರಿಯ ವಿದ್ಯಾರ್ಥಿಗಳ ಕರ್ತವ್ಯ ಬಹು ಸರಳವಾದುದು: ಹೊಸದಾಗಿ ಬಂದವನ ಕೋಣೆಗೆ ಮೊದಲ ಚಳಿಗಾಲದಲ್ಲಿ ಒಮ್ಮೆ ಹೋಗಿ, ಅವನು ಹೇಗೆ ಮಲಗುತ್ತಿದ್ದಾನೆಂಬುದನ್ನು ವಿಚಾರಿಸಿ ಬರುವುದು.