ಸಿಡಿಲಫಡಿ: ಯಾವ ರಾಜನೂ ಕೊರೆಸದ ಗುಹೆ

ಇಳಕಲ್ಲಿನಿಂದ ಹುನಗುಂದ, ಅಮೀನಗಡ ದಾಟಿ ಬಾದಾಮಿ ಸೇರುವಷ್ಟರಲ್ಲಿ ಕಲ್ಲಿನ ಜಾತಿಯೇ ಬದಲಾಗಿರುತ್ತದೆ. ಇಳಕಲ್ಲಿನದು ನೆಲದಾಳದ ಕುದಿರಸ ಆರಿ ಗಟ್ಟಿಯಾದ ಕೆಂಪು ಗ್ರಾನೈಟ್. ಬಾದಾಮಿಯದು ನೀರು ಹೊತ್ತು ತಂದ ಮರಳು ಪದರ ಪದರವಾಗಿ ಕೂತು ಕಲ್ಲಾದದ್ದು. ನೆಲದ ಮೇಲೆ ಇನ್ನೂ ಹುಲ್ಲುಕಡ್ಡಿಯೂ ಹುಟ್ಟಿರದ ಕಾಲದ ಮರಳು ಅದು.

ಬಾದಾಮಿಗೆ ಬಂದವರು ಚಾಲುಕ್ಯರ ನಾಲ್ಕು ಗುಹೆ ನೋಡಿ ಬಸ್ಸು ಹತ್ತಿಬಿಡುತ್ತಾರೆ. ಅಲ್ಲಿಂದ ಸುಮಾರು 4 ಕಿ.ಮೀ. ದೂರದಲ್ಲಿ, ಕುರುಚಲು ಕಾಡಿನ ನಡುವಿನ ಕಾಲುದಾರಿ ಮುಗಿಯುವಲ್ಲಿ, ಸಿಡಿಲಫಡಿ ಇದೆ. ದಾರಿ ಬಲ್ಲ ಊರವರೊಬ್ಬರು ಜೊತೆಗಿದ್ದರೆ ಒಳ್ಳೆಯದು.

ಎರಡು ಭಾರಿ ಬಂಡೆಗಳ ನಡುವೆ ಸೇತುವೆಯಂತೆ ಚಾಚಿದ ಕಲ್ಲು, ಅದರ ನಡುಮಧ್ಯೆ ಬಾಯ್ದೆರೆದ ಕಿಂಡಿಗಳು. ಬಿಸಿಲು ಆ ಕಿಂಡಿಗಳಿಂದ ಕಂಬದಂತೆ ಇಳಿದು ನೆಲ ಮುಟ್ಟುತ್ತದೆ. ಹೊತ್ತು ಜರುಗಿದ ಹಾಗೆ ಬೆಳಕಿನ ತುಂಡೂ ಜರುಗುತ್ತದೆ. ಸಿಡಿಲು ಬಡಿದು ಬಂಡೆ ತೂತಾಯಿತು ಎನ್ನುತ್ತದೆ ಸ್ಥಳದ ಕಥೆ. ಹೆಸರು ಬಂದದ್ದೂ ಅದರಿಂದಲೇ. ಫಡಿ ಎಂದರೆ ಬಂಡೆ. ಐಹೊಳೆಯ ರಾವಣಫಡಿಯಲ್ಲಿರುವುದೂ ಇದೇ ಮಾತು.

ಕಿಂಡಿ ನೋಡಿದವರಿಗೆ ಸಿಡಿಲೇ ನೆನಪಾಗುವುದು ಸಹಜ. ಆದರೆ ಇಂಥ ಮರಳುಗಲ್ಲನ್ನು ಕೊರೆಯುವ ಕೈ ಬಲು ನಿಧಾನದ್ದು. ಮಳೆನೀರು ಬಿರುಕಿಗೆ ಇಳಿಯುತ್ತದೆ, ಮರಳಿನ ಕಣಗಳನ್ನು ಹಿಡಿದಿಟ್ಟ ಅಂಟು ಸಡಿಲಾಗುತ್ತದೆ, ಮೆತ್ತನೆಯ ಪದರ ಮೊದಲು ಉದುರಿ ಗಟ್ಟಿ ಪದರ ಚಾವಣಿಯಾಗಿ ಉಳಿಯುತ್ತದೆ. ಆಂಧ್ರದ ಬೆಲುಂ ಗುಹೆಗಳಂತೆ ಇದು ಸುಣ್ಣಕಲ್ಲು ಕರಗಿ ಆದದ್ದಲ್ಲ; ಹಾಗಾಗಿ ಸೂರಿನಿಂದ ಜೋತುಬಿದ್ದ ಕಲ್ಲಿನ ಗೊಂಚಲುಗಳನ್ನು ಇಲ್ಲಿ ಹುಡುಕಬೇಕಿಲ್ಲ.

ಬೇಟೆಯಾಡಿ, ಗೆಡ್ಡೆಗೆಣಸು ಅಗೆದು ಬದುಕಿದ ಮಂದಿಗೆ ಈ ಚಾವಣಿಯೇ ಮನೆಯಾಗಿತ್ತು. ಅವರು ಬರೆದ ಚಿತ್ರಗಳು ಬಂಡೆಯ ಮೇಲೆ ಮಸುಕಾಗಿ ಉಳಿದಿವೆ. ಕಣ್ಣು ನೆರಳಿಗೆ ಹೊಂದಿಕೊಳ್ಳುವವರೆಗೆ ಏನೂ ತೋರದು, ಆಮೇಲೆ ಒಂದೊಂದೇ ಗೆರೆ ಏಳುತ್ತದೆ. ಫೋಟೊ ಚೆನ್ನಾಗಿ ಬರಲೆಂದು ಅದಕ್ಕೆ ನೀರೆರಚುವುದು, ಕೈಯಿಂದ ಉಜ್ಜುವುದು ಬೇಡವೇ ಬೇಡ. ಒಮ್ಮೆ ಅಳಿಸಿದರೆ ಮತ್ತೆ ಬರೆಯುವವರಿಲ್ಲ.

ಚಾಲುಕ್ಯರ ಶಿಲ್ಪಿಗಳು ಉಳಿ ಹಿಡಿಯುವ ಹೊತ್ತಿಗೆ ಈ ಗುಡ್ಡಗಳಿಗೆ ಗುಹೆ ಹೊಸದೇನಾಗಿರಲಿಲ್ಲ. ಬಾದಾಮಿಯ ಎರಡನೆಯ ಮತ್ತು ಮೂರನೆಯ ಗುಹೆಗಳ ನಡುವೆಯೇ ತಾನಾಗಿ ಆದ ಗವಿಯೊಂದಿದೆ. ಚಾಲುಕ್ಯ ವಂಶದ ಮಂಗಳೇಶನ ಶಾಸನ ಇರುವುದು ಅದರ ಮುಂದಿನ ಮೂರನೆಯ ಗುಹೆಯಲ್ಲಿ: ಶಕ ವರ್ಷ 500, ಅಂದರೆ ಕ್ರಿ.ಶ. 578. ಅಲ್ಲಿನ ವಿಷ್ಣು ಆದಿಶೇಷನ ಮೇಲೆ ಕೂತಿದ್ದಾನೆ. ಹಳೆಯ ಹೊಳೆ ಹಾಸಿಹೋದ ಮರಳಿನ ಬಣ್ಣದ ಪಟ್ಟಿಗಳು ಕಂಬ, ಮೂರ್ತಿ ಎನ್ನದೆ ಗೋಡೆಯುದ್ದಕ್ಕೂ ಹಾದುಹೋಗಿವೆ.